ದೂರದ ಸವಾರಿಯಲ್ಲಿ ಕುದುರೆ ಕುಂಟಿದರೆ: ತಪ್ಪು ಲಾಳದ್ದೋ, ಬರಿಗೊರಸಿನದ್ದೋ, ನೆಲದ್ದೋ?

ಲಾಳ ಕಟ್ಟಿದ ಕುದುರೆ ಕುಂಟಿದರೆ ‘ಲಾಳ ಕಿತ್ತು ಹಾಕಿ’ ಅನ್ನುವವರು ಸಿಗುತ್ತಾರೆ. ಬರಿಗೊರಸಿನ ಕುದುರೆ ಕುಂಟಿದರೆ ‘ಲಾಳ ಕಟ್ಟುವ ನಾಲಬಂದರನ್ನು ಕರೆಸಿ’ ಅನ್ನುವವರು ಸಿಗುತ್ತಾರೆ. ಎರಡು ಮಾತೂ ಕಾಲೆತ್ತಿ ನೋಡುವ ಮೊದಲೇ ಬರುತ್ತವೆ. ದಿನಕ್ಕೆ 25ರಿಂದ 40 ಕಿ.ಮೀ. ಸವಾರಿ ಮಾಡುವವರಿಗೆ, ಕಾಲೆತ್ತಿ ಏನು ನೋಡಬೇಕು ಅನ್ನುವುದನ್ನು ಇಲ್ಲಿ ಬರೆದಿದೆ. ನೆಲ ನಮ್ಮ ಕಡೆಯದೇ: ಗಂಗಾವತಿ, ಸಿಂಧನೂರು ಸೀಮೆಯ ಕಾಲುವೆ ಏರಿಯ ಕಲ್ಲುಚೂರಿನ ಗರಸು, ಸಿರುಗುಪ್ಪದ ಕಪ್ಪು ಎರೆ, ಕುಷ್ಟಗಿಯ ಕೆಂಪು ಮಸಾರಿ, ಆನೆಗೊಂದಿ-ಸಣಾಪುರದ ಬಂಡೆ, ಇವುಗಳ ನಡುನಡುವೆ ಟಾರು.

ಒಂದು ಲೆಕ್ಕ ಮೊದಲೇ ತಲೆಯಲ್ಲಿರಲಿ. ಗೊರಸು ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಬೆಳೆಯುತ್ತದೆ. ವಾರಕ್ಕೆ 2 ಮಿ.ಮೀ. ಅಂತ ಹಿಡಿಯಿರಿ. ಬರಿಗೊರಸಿನ ಕುದುರೆಯಲ್ಲಿ ಸವೆತ ಈ 2 ಮಿ.ಮೀ. ದಾಟಿತೆಂದರೆ ಗೋಡೆ, ಅಂದರೆ ಗೊರಸಿನ ಸುತ್ತಲಿನ ಗಟ್ಟಿ ಹೊರಭಾಗ, ತೆಳುವಾಗಿ ಅಂಗಾಲು ನೆಲಕ್ಕೆ ಬಡಿಯುತ್ತದೆ. ಲಾಳದ ಕುದುರೆಯಲ್ಲಿ ಇದು ತಿರುಗುಮುರುಗು. ಅಲ್ಲಿ ಸವೆತ ನಿಂತಿದೆ, ಬೆಳವಣಿಗೆ ಮಾತ್ರ ನಡೆದಿದೆ. ಆರನೇ ವಾರಕ್ಕೆ ಗೊರಸು ಒಂದು ಸೆಂ.ಮೀ.ಗಿಂತ ಹೆಚ್ಚು ಉದ್ದವಾಗಿರುತ್ತದೆ, ಲಾಳ ಮಾತ್ರ ಕಟ್ಟಿದ ದಿನದ ಅಳತೆಯದೇ. ಮುಂದೆ ಹೇಳುವ ದೋಷಗಳಲ್ಲಿ ಅರ್ಧಕ್ಕರ್ಧ ಈ ಲೆಕ್ಕ ತಪ್ಪಿದ್ದರಿಂದಲೇ ಹುಟ್ಟುವಂಥವು.

ಇಳಿದ ಮೊದಲ ಹತ್ತು ನಿಮಿಷ

ಕುಂಟು ಅನಿಸಿದ ಕೂಡಲೇ ಇಳಿಯಿರಿ. ‘ಇನ್ನೊಂದು ಫರ್ಲಾಂಗು ನೋಡೋಣ’ ಬೇಡ. ಜೀನಿನ ಹೊಟ್ಟೆಪಟ್ಟಿ ಸಡಿಲಿಸಿ ನೆರಳಿಗೆ ತನ್ನಿ. ಅನುಮಾನ ಬಂದ ಕಾಲೊಂದನ್ನೇ ಅಲ್ಲ, ನಾಲ್ಕನ್ನೂ ಎತ್ತಿ ನೋಡಿ. ಕೊಕ್ಕೆಯಿಂದ ಕೆದಕುವಾಗ ಹಿಮ್ಮಡಿಯಿಂದ ಮುಂತುದಿಯ ಕಡೆಗೆ ಎಳೆಯಬೇಕು. ತಿರುಗಿಸಿ ಎಳೆದರೆ ಕೊಕ್ಕೆಯ ಮೊನೆ ನಡುವಿನ ಮೆತ್ತೆಗೆ ಚುಚ್ಚುತ್ತದೆ. ಅಂಗಾಲಿನ ನಡುವೆ, ಹಿಂದಿನಿಂದ ಮುಂದಕ್ಕೆ ಮೂರುಮೂಲೆಯಾಗಿ ಚೂಪಾಗುತ್ತ ಬರುವ ರಬ್ಬರಿನಂಥ ಈ ಭಾಗವನ್ನು ಪಶುವೈದ್ಯರು ಫ್ರಾಗ್ ಅನ್ನುತ್ತಾರೆ. ಅದರ ಎರಡೂ ಪಕ್ಕದ ಕಾಲುವೆಗಳಲ್ಲಿ ಜಲ್ಲಿಯ ಒಂದು ಚೂರು ಸಿಕ್ಕಿಕೊಂಡಿರುವುದೇ ಎಷ್ಟೋ ಸಲ ಇಡೀ ಕಾಯಿಲೆ. ಅದು ಹೋದರೆ ಹತ್ತು ಹೆಜ್ಜೆಯಲ್ಲಿ ಕುದುರೆ ಸರಿಹೋಗುತ್ತದೆ.

ಕಲ್ಲಿಲ್ಲವಾದರೆ ನಾಡಿ ನೋಡಿ. ಗೊರಸಿನ ಮೇಲಿನ ಮೊದಲ ಗೆಣ್ಣಿನ ಹಿಂಭಾಗದಲ್ಲಿ, ಒಳಪಕ್ಕಕ್ಕೂ ಹೊರಪಕ್ಕಕ್ಕೂ ಒಂದೊಂದು ರಕ್ತನಾಳ ಇಳಿಯುತ್ತದೆ. ಎರಡು ಬೆರಳನ್ನು ಹಗುರವಾಗಿ ಇಡಿ, ಒತ್ತಿದರೆ ನಾಡಿ ಮುಚ್ಚಿಹೋಗುತ್ತದೆ. ಆರೋಗ್ಯವಾಗಿರುವ, ದಣಿವಾರಿದ ಕುದುರೆಯಲ್ಲಿ ಅದು ಸಿಕ್ಕೂ ಸಿಗದಂತಿರುತ್ತದೆ. ಓಡಿಸಿದ ಕೂಡಲೇ ನಾಲ್ಕರಲ್ಲೂ ಜೋರಾಗಿರುವುದು ಸಹಜ, ಆದ್ದರಿಂದ ಹತ್ತು ನಿಮಿಷ ಕಾಯಬೇಕು. ಆಮೇಲೂ ಒಂದೇ ಕಾಲಲ್ಲಿ ಟಣಟಣ ಬಡಿಯುತ್ತಿದ್ದರೆ ಆ ಗೊರಸಿನೊಳಗೆ ಕೀವು, ಮೊಳೆ ಅಥವಾ ಮುಳ್ಳು ಇರುವ ಸಂಭವ ಹೆಚ್ಚು. ಎರಡೂ ಮುಂಗಾಲಲ್ಲಿ ಬಡಿಯುತ್ತಿದ್ದರೆ ಒಂದೋ ಎರಡೂ ಅಂಗಾಲು ಜಜ್ಜಿವೆ, ಇಲ್ಲವೇ ಗೊರಸುಬೇನೆ, ಅಂದರೆ ಲ್ಯಾಮಿನೈಟಿಸ್. ಇವೆರಡನ್ನು ಒಂದಕ್ಕೊಂದು ಗೊಂದಲ ಮಾಡಿಕೊಂಡರೆ ಕುದುರೆ ಕೈಬಿಟ್ಟು ಹೋಗಬಹುದು. ಅದರ ವಿವರ ಕೆಳಗಿದೆ.

ಗೊರಸಿನ ಬಿಸಿಯನ್ನು ಅಂಗೈಗಿಂತ ಕೈಯ ಹಿಂಬದಿಯಿಂದ ಚೆನ್ನಾಗಿ ತಿಳಿಯಬಹುದು. ಏಪ್ರಿಲ್, ಮೇ ತಿಂಗಳ ರಾಯಚೂರು ಬಿಸಿಲಲ್ಲಿ ನಿಂತ ಯಾವ ಗೊರಸಾದರೂ ಬಿಸಿಯೇ. ಹಾಗಾಗಿ ನೆರಳಲ್ಲಿ ನಿಲ್ಲಿಸಿ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ನೋಡಿ.

ಕೊನೆಗೆ ಎಡ ಮೊಣಕೈ ಹಿಂದೆ ಕಿವಿ ಅಥವಾ ಸ್ಟೆತಾಸ್ಕೋಪು ಇಟ್ಟು ಎದೆಬಡಿತ ಎಣಿಸಿ. ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಸಹಜ. ದೂರದ ಸವಾರಿಯ ಸ್ಪರ್ಧೆಗಳಲ್ಲಿ ವಿಶ್ರಾಂತಿಯ ತಪಾಸಣೆಗೆ 64 ಅನ್ನುವುದು ರೂಢಿಯ ಗಡಿ. ಇಪ್ಪತ್ತು ನಿಮಿಷ ನೆರಳಲ್ಲಿ ನಿಂತು ನೀರು ಕುಡಿದ ಮೇಲೂ 64ರ ಕೆಳಗೆ ಇಳಿಯದಿದ್ದರೆ ಕುದುರೆಗೆ ನೋವಿದೆ ಅಥವಾ ಮೈಯ ನೀರು ಬತ್ತಿದೆ. ಅವತ್ತಿನ ಸವಾರಿ ಅಲ್ಲಿಗೆ ಮುಗಿಯಿತು.

ಯಾವ ಕಾಲು?

ಗಟ್ಟಿ ಸಮನೆಲದಲ್ಲಿ ಒಬ್ಬರು ಹಗ್ಗ ಸಡಿಲ ಬಿಟ್ಟು ಕುದುರೆಯನ್ನು 30 ಮೀಟರು ದೂರ ನಡೆಸಿಕೊಂಡು ಹೋಗಿ ಬರಲಿ. ಮೊದಲು ನಡಿಗೆ, ಆಮೇಲೆ ನಿಧಾನದ ಟ್ರಾಟ್, ಅಂದರೆ ಹಗುರ ಓಟ. ನಡಿಗೆಯಲ್ಲೇ ಜೋರಾಗಿ ಕುಂಟುತ್ತಿದ್ದರೆ ಟ್ರಾಟ್ ಬೇಡವೇ ಬೇಡ. ಮುಂಗಾಲಿನ ನೋವಾದರೆ ಆ ಕಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಮುಟ್ಟಿದಾಗ ತಲೆ ಕೆಳಗಿಳಿಯುತ್ತದೆ. ಬಹಳ ಜನ ಇದನ್ನು ಉಲ್ಟಾ ಓದಿ, ಒಳ್ಳೆಯ ಕಾಲಿನ ಲಾಳ ಕೀಳಿಸುತ್ತಾರೆ. ಹಿಂಗಾಲಾದರೆ ಹಿಂದೆ ನಿಂತು ಸೊಂಟದ ಎರಡು ಎಲುಬನ್ನು ನೋಡಿ. ನೋವಿರುವ ಕಡೆಯದು ಹೆಚ್ಚು ಏರಿಳಿಯುತ್ತದೆ.

ಅದೇ ಕುದುರೆಯನ್ನು ಪಕ್ಕದ ಉತ್ತ ಹೊಲದಲ್ಲಿ ನಡೆಸಿ. ಗರಸಿನ ಮೇಲೆ ಕುಂಟಿ ಮೆತ್ತನೆ ಮಣ್ಣಿನಲ್ಲಿ ಸರಾಗ ನಡೆದರೆ ತೊಂದರೆ ಅಂಗಾಲಿನದು. ಮೆತ್ತನೆಯಲ್ಲೇ ಹೆಚ್ಚು ಕುಂಟಿದರೆ ಸ್ನಾಯುರಜ್ಜು, ಸ್ನಾಯುಬಂಧ ನೋಡಬೇಕು. ಅಲ್ಲಿ ಲಾಳದ ಚರ್ಚೆಗೆ ಅರ್ಥವಿಲ್ಲ.

ಯಾವಾಗ ಶುರುವಾಯಿತು?

ಲಾಳ ಕಟ್ಟಿದ ದಿನವೇ ಕುಂಟಿದರೆ ಮೊಳೆ ಹಸಿಮಾಂಸಕ್ಕೆ ಹೋಗಿದೆ. ಎರಡರಿಂದ ಏಳು ದಿನಕ್ಕೆ ಕುಂಟಿದರೆ ಮೊಳೆ ಹಸಿಯನ್ನು ಒತ್ತುತ್ತಿದೆ, ಇಲ್ಲವೇ ಕೀವು ಕಟ್ಟಿದೆ. ಐದನೇ ವಾರದಾಚೆ ಶುರುವಾದರೆ ಉದ್ದ ಬೆಳೆದ ಗೊರಸು, ಸಡಿಲ ಲಾಳ. ಲಾಳ ಕಿತ್ತ ಮೊದಲ ತಿಂಗಳಲ್ಲಿ ಆದರೆ ತೆಳು ಅಂಗಾಲು. ಪ್ರತಿ ಸಲ 15-20 ಕಿ.ಮೀ. ಆದ ಮೇಲೆ ಹೆಜ್ಜೆ ಚಿಕ್ಕದಾಗಿ, ಮಾರನೇ ಬೆಳಿಗ್ಗೆ ಕೊಟ್ಟಿಗೆಯ ಮಣ್ಣಲ್ಲಿ ಏನೂ ಇಲ್ಲದಂತಿದ್ದರೆ ಸವೆತ. ಬೆಳಿಗ್ಗೆ ಬಿಗಿದುಕೊಂಡಿದ್ದು, ನಡೆದ ಹಾಗೆ ಬಿಚ್ಚಿಕೊಂಡರೆ ಕೀಲು. ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಪಶುವೈದ್ಯರ ಕೆಲಸ ಅರ್ಧ ಹಗುರಾಗುತ್ತದೆ. ಆದ್ದರಿಂದ ಲಾಳ ಕಟ್ಟಿದ ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲಾದರೂ ಬರೆದಿಡಿ.

ಲಾಳದ ಕುದುರೆ: ಮೊಳೆ

ಕುದುರೆಯ ಲಾಳದ ಮೊಳೆಗೆ ಎರಡು ಮುಖ ಉಂಟು. ತಲೆಯ ಹತ್ತಿರ ಗುರುತು ಒತ್ತಿದ ಬದಿ ಒಳಕ್ಕೆ, ಅಂದರೆ ಫ್ರಾಗ್ ಕಡೆಗೆ ಇರಬೇಕು. ತುದಿಯಲ್ಲಿ ಅದೇ ಬದಿಗೆ ಓರೆಯಾಗಿ ಕೊರೆದಿರುತ್ತಾರೆ. ಆ ಓರೆಯೇ ಮೊಳೆಯನ್ನು ಹೊರಕ್ಕೆ ಬಾಗಿಸಿ ಗೋಡೆಯಿಂದ ಈಚೆ ತರುವುದು. ಮೊಳೆ ತಿರುಗಿ ಹೊಡೆದರೆ ಅದು ಒಳಕ್ಕೆ ಬಾಗುತ್ತದೆ. ಎತ್ತಿಗೆ ಲಾಳ ಕಟ್ಟುವ ಕೈಗಳು ನಮ್ಮ ಸಂತೆಗಳಲ್ಲಿ ಇನ್ನೂ ಸಿಗುತ್ತವೆ, ಕೆಲಸವೂ ಚೊಕ್ಕ. ಆದರೆ ಎತ್ತಿನ ಲಾಳದ ದಪ್ಪ ಮೊಳೆ ಕುದುರೆಯ ಗೋಡೆಗೆ ಹೊಂದುವುದಿಲ್ಲ, ಸೀಳುತ್ತದೆ. ಎತ್ತನ್ನು ಕೆಡವಿ ಕಟ್ಟುವಂತೆ ಕುದುರೆಯನ್ನು ಕೆಡವುವುದೂ ಬೇಡ. ಅದು ನಿಂತೇ ಇರಬೇಕು.

ಸರಿಯಾಗಿ ಹೊಡೆದ ಮೊಳೆ ಲಾಳದಿಂದ ಸುಮಾರು ಎರಡು ಸೆಂ.ಮೀ. ಮೇಲೆ, ಗೋಡೆಯ ಎತ್ತರದ ಮೂರರಲ್ಲೊಂದು ಪಾಲಿಗೆ ಹೊರಬರುತ್ತದೆ. ಹೊರಬಂದ ತುದಿಗಳು ಒಂದೇ ಸಾಲಲ್ಲಿರುತ್ತವೆ. ಸಾಲಿನಿಂದ ಮೇಲಕ್ಕೆ ಜಿಗಿದ ಮೊಳೆ ಕಂಡರೆ ಮೊದಲ ಅನುಮಾನ ಅದರ ಮೇಲೆ. ಗೊರಸಿನ ಅತಿ ಅಗಲವಾದ ಜಾಗಕ್ಕಿಂತ ಹಿಂದೆ ಮೊಳೆ ಇದ್ದರೆ ಅದೂ ತಪ್ಪು. ಹೆಜ್ಜೆ ಇಟ್ಟಾಗ ಹಿಮ್ಮಡಿ ಅಗಲಿಸಬೇಕು, ಮೊಳೆ ಅದನ್ನು ಕಟ್ಟಿಹಾಕುತ್ತದೆ. ಒಂದು ಲಾಳಕ್ಕೆ ಆರು ಮೊಳೆ ಸಾಕು, ಎಂಟು ಮೇಲ್ಮಿತಿ.

ಯಾವ ಮೊಳೆ ಅಂತ ಹಿಡಿಯುವುದು ಹೀಗೆ. ಸುತ್ತಿಗೆಯಿಂದ ಪ್ರತಿ ಮೊಳೆಯ ತಲೆಯನ್ನು ಹಗುರವಾಗಿ ತಟ್ಟುತ್ತ ಹೋಗಿ. ಒಂದರಲ್ಲಿ ಕುದುರೆ ಕಾಲು ಎಳೆದುಕೊಳ್ಳುತ್ತದೆ. ಮತ್ತೆ ಮೊದಲಿನಿಂದ, ಈ ಸಲ ಸಾಲು ಬದಲಿಸಿ ತಟ್ಟಿ. ಅದೇ ಮೊಳೆಗೆ ಎಳೆದುಕೊಂಡರೆ ಖಾತ್ರಿ. ಎಲ್ಲಾ ಮೊಳೆಯನ್ನು ಒಟ್ಟಿಗೆ ಕೀಳದೆ ಒಂದೊಂದಾಗಿ ತೆಗೆದು, ತೆಗೆದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ಒಳ್ಳೆಯ ಮೊಳೆ ಒಣಗಿರುತ್ತದೆ, ಹೊಳಪಿರುತ್ತದೆ. ಕೆಟ್ಟ ಮೊಳೆ ತೇವವಾಗಿ ಕಪ್ಪಗಿರುತ್ತದೆ. ಮೂಗಿನ ಹತ್ತಿರ ತಂದರೆ ಕೊಳೆತ ವಾಸನೆ. ಬಟ್ಟೆಯ ಮೇಲೆ ಅದೊಂದರ ಸುತ್ತ ಬೂದಿ ಬಣ್ಣದ ಕಲೆ ಹಬ್ಬುತ್ತದೆ. ಆ ತೂತಿನಿಂದ ತೆಳ್ಳಗಿನ ಕರಿನೀರು ಜಿನುಗಿದರೆ ಕೀವಿಗೆ ದಾರಿ ಸಿಕ್ಕಿತು ಅಂತಲೇ. ಅಂಥ ತೂತಿಗೆ ಪೋವಿಡೋನ್ ಅಯೋಡಿನ್ ಹಾಯಿಸಿ, ಅಲ್ಲಿ ಮತ್ತೆ ಮೊಳೆ ಹೊಡೆಯಬೇಡಿ. ಧನುರ್ವಾಯು ಲಸಿಕೆ ವರ್ಷದೊಳಗೆ ಆಗಿರದಿದ್ದರೆ ಅವತ್ತೇ ಪಶುವೈದ್ಯರಿಗೆ ಹೇಳಿ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಇನ್ನೊಂದಿಲ್ಲ.

ಕೀವು ಹೊರಬರದೆ ಒಳಗೇ ನಿಂತಿದ್ದರೆ ಕುದುರೆ ಕಾಲು ಮುರಿದಂತೆ ಮೂರೇ ಕಾಲ ಮೇಲೆ ನಿಲ್ಲುತ್ತದೆ. ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಪಶುವೈದ್ಯರು ಅಂಗಾಲಲ್ಲಿ ಸಣ್ಣ ದಾರಿ ಕೊರೆದು ಕೀವು ಬಿಟ್ಟರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕಾಲೂರುತ್ತದೆ. ಅವರು ಬರುವವರೆಗೆ ಕೈ ತಾಳುವಷ್ಟು ಬಿಸಿನೀರಿಗೆ ಎಪ್ಸಮ್ ಸಾಲ್ಟ್ ಕರಗಿಸಿ ದಿನಕ್ಕೆ ಎರಡು ಸಲ, 20 ನಿಮಿಷದಂತೆ ಕಾಲು ನೆನೆಸಬಹುದು. ಗಂಟೆಗಟ್ಟಲೆ ನೆನೆಸಿದರೆ ಗೊರಸೇ ಮೆತ್ತಗಾಗುತ್ತದೆ. ನೀವೇ ಚಾಕು ಹಿಡಿದು ಕೊರೆಯಬೇಡಿ.

ಲಾಳದ ಉಳಿದ ತಂಟೆಗಳು

ಮಳೆ ಬಿದ್ದ ಎರೆಯಲ್ಲಿ ಲಾಳ ಕಳಚುವುದು ಈ ಸೀಮೆಯ ಮಾಮೂಲಿ ದೂರು. ಮಣ್ಣು ಲಾಳ ಎಳೆಯಿತು ಅನ್ನುತ್ತಾರೆ. ಎಳೆಯುವುದು ಬಹುಪಾಲು ಹಿಂಗಾಲು. ಅಂಟುಮಣ್ಣಿನಿಂದ ಮುಂಗಾಲು ಏಳುವುದು ಕ್ಷಣಹೊತ್ತು ತಡವಾಗುತ್ತದೆ, ಅಷ್ಟರಲ್ಲಿ ಹಿಂಗಾಲು ಬಂದು ಮುಂದಿನ ಲಾಳದ ಹಿಂತುದಿಯನ್ನು ಮೆಟ್ಟುತ್ತದೆ. ಒಣನೆಲದಲ್ಲೂ ಟ್ರಾಟ್ ಮಾಡುವಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿ ‘ಟಕ್ ಟಕ್’ ಕೇಳಿಸಿದರೆ ಇದೇ ಮುನ್ಸೂಚನೆ. ಮುಂಗೊರಸು ಉದ್ದವಾಗಿ ತಡವಾಗಿ ಏಳುತ್ತಿದೆ, ಅಥವಾ ಲಾಳದ ಹಿಂತುದಿ ಹಿಮ್ಮಡಿಯಾಚೆ ಹಿಂದಕ್ಕೆ ಚಾಚಿದೆ, ಅಥವಾ ಕುದುರೆ ದಣಿದಿದೆ. ಮುಂತುದಿ ಕಡಿಮೆ ಮಾಡಿಸಿ. ಗೊರಸಿನ ಸುತ್ತ ಗಂಟೆಯಂತೆ ಕೂರುವ ರಬ್ಬರಿನ ಬೆಲ್ ಬೂಟ್ ಹಾಕಿ. ಅಷ್ಟಕ್ಕೂ ಎರೆ ಅಂಟುವ ದಿನ ಹೊಲಕ್ಕಿಳಿಯದೆ ಏರಿ ಹಿಡಿದು ಹೋಗುವುದು ಮೇಲು.

ದಾರಿಯಲ್ಲಿ ಲಾಳ ಅರ್ಧ ಕಳಚಿ ಜೋತುಬಿದ್ದರೆ ಪೂರ್ತಿ ತೆಗೆದುಬಿಡಿ, ಇಲ್ಲದಿದ್ದರೆ ಕುದುರೆ ಅದರ ಮೊಳೆಯನ್ನೇ ತುಳಿಯುತ್ತದೆ. ಗೋಡೆಯ ಮೇಲೆ ಮಡಿಚಿದ ಮೊಳೆತುದಿಗಳನ್ನು ಹಳೆ ಅರದ ಅಂಚಿನಿಂದ ಉಜ್ಜಿ ಹಾಕಿ. ಇಕ್ಕಳವನ್ನು ಹಿಮ್ಮಡಿಯ ಕಡೆಯಿಂದ ತೂರಿಸಿ, ಒಮ್ಮೆ ಎಡ ಒಮ್ಮೆ ಬಲ, ಫ್ರಾಗ್‌ನ ಮೊನೆಯ ಕಡೆಗೆ ಒತ್ತುತ್ತ ಬಿಡಿಸಿ. ಹೊರಕ್ಕೆ ತಿರುಚಿದರೆ ಗೋಡೆಯ ತುಂಡೇ ಕಿತ್ತು ಬರುತ್ತದೆ, ಮುಂದಿನ ಲಾಳಕ್ಕೆ ಮೊಳೆ ಹೊಡೆಯಲು ಜಾಗ ಉಳಿಯುವುದಿಲ್ಲ. ಬರಿದಾದ ಗೊರಸಿಗೆ ಹತ್ತಿ ಇಟ್ಟು, ಡಕ್ಟ್ ಟೇಪನ್ನು ಅಡ್ಡಡ್ಡ ಉದ್ದುದ್ದ ನಾಲ್ಕು ಪದರ ಹಾಕಿ ಅಂಗಾಲಿಗೆ ಅಂಟಿಸಿ, ಸುತ್ತ ಬಿಗಿಯಿರಿ. ಟೇಪು ಕೂದಲಿನ ಅಂಚಿನ ಮೇಲೆ ಏರಬಾರದು. ಹೀಗೆ ಕೆಲವು ಕಿ.ಮೀ. ಕೈಹಿಡಿದು ನಡೆಸಬಹುದು, ಹತ್ತುವಂತಿಲ್ಲ.

ಲಾಳ ಚಿಕ್ಕದಾಗಿದ್ದಾಗ ಗೊರಸಿನ ಮುಂಭಾಗವನ್ನು ಅರದಿಂದ ತಿಕ್ಕಿ ಹೊಂದಿಸುವ ಚಾಳಿ ಇದೆ. ಹೊರಗೆ ನುಣುಪಾಗಿ ಕಾಣುತ್ತದೆ, ಒಳಗೆ ಗೋಡೆ ತೆಳುವಾಗಿ ಮೊಳೆ ಹಿಡಿಯುವುದಿಲ್ಲ. ಹಿಂದಿನಿಂದ ನೋಡಿದಾಗ ಲಾಳ ಹಿಮ್ಮಡಿಯ ಕೊನೆಯವರೆಗೂ ಬಂದಿರಬೇಕು, ಎರಡೂ ಪಕ್ಕ ಒಂದೆರಡು ಮಿ.ಮೀ. ಹೊರಗಿರಬೇಕು. ಲಾಳ ಮತ್ತು ಗೋಡೆಯ ನಡುವೆ ಬೆಳಕು ಕಾಣಬಾರದು.

ಜಾರುವುದರ ಬಗ್ಗೆ ಹೇಳುವುದು ಕಡಿಮೆ. ಆನೆಗೊಂದಿಯ ಹಾಸುಬಂಡೆ, ಸವೆದು ನುಣುಪಾದ ಟಾರು, ಹಳೆಯ ಕೋಟೆಗಳ ಮೆಟ್ಟಿಲುಕಲ್ಲು: ಈ ಮೂರರ ಮೇಲೂ ಕಬ್ಬಿಣ ಜಾರುತ್ತದೆ, ಬರಿಗೊರಸು ಹಿಡಿಯುತ್ತದೆ. ಟಂಗ್‌ಸ್ಟನ್ ಮೊನೆಯ ಮೊಳೆಯನ್ನು ಲಾಳದ ಹಿಂಭಾಗದಲ್ಲಿ ಪಕ್ಕಕ್ಕೊಂದರಂತೆ ಹೊಡೆದರೆ ಹಿಡಿತ ಬರುತ್ತದೆ. ಹೆಚ್ಚು ಹಾಕಿದರೆ ಕಾಲು ಒಮ್ಮೆಲೇ ಕಚ್ಚಿಕೊಂಡು ಕೀಲಿಗೆ ಏಟು. ಬಂಡೆಯ ಮೇಲೆ ಇಳಿದು ನಡೆಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ.

ಬರಿಗೊರಸಿನ ಕುದುರೆ: ಸವೆತ ಮತ್ತು ತೆಳು ಅಂಗಾಲು

ಕುರಿಹಿಂಡಿನ ಜೊತೆ ಗಂಟುಮೂಟೆ, ಎಳೆ ಮರಿಗಳನ್ನು ಹೊತ್ತು ಸಾಗುವ ತಟ್ಟುಕುದುರೆಗಳಿಗೆ ಸಾಮಾನ್ಯವಾಗಿ ಲಾಳ ಇರುವುದಿಲ್ಲ. ಅವು ವರ್ಷವಿಡೀ ನಡೆಯುತ್ತವೆ. ‘ಹಾಗಿದ್ದಮೇಲೆ ನನ್ನ ಕುದುರೆಗೇಕೆ ಲಾಳ’ ಅನ್ನುವ ವಾದ ಇಲ್ಲಿಂದ ಹುಟ್ಟುತ್ತದೆ. ಆ ತಟ್ಟು ಮರಿಯಿದ್ದಾಗಿನಿಂದ ಗರಸು, ಕೂಳೆ ತುಳಿದು ಬೆಳೆದದ್ದು, ನಡೆಯುವುದು ಕುರಿಯ ವೇಗದಲ್ಲಿ. ನಿಮ್ಮ ಕುದುರೆ ದಿನದ 22 ಗಂಟೆ ಲದ್ದಿಯ ಮೇಲೆ ನಿಂತು, ಉಳಿದೆರಡು ಗಂಟೆ ಬೆನ್ನ ಮೇಲೆ 70 ಕೆ.ಜಿ. ಹೊತ್ತು ಟಾರಿನ ಮೇಲೆ ಟ್ರಾಟ್ ಮಾಡುತ್ತದೆ. ಎರಡು ಗೊರಸೂ ಒಂದೇ ಆಗುವುದು ಹೇಗೆ?

ಹೆಬ್ಬೆರಳಿನಿಂದ ಅಂಗಾಲನ್ನು, ಫ್ರಾಗ್‌ನ ಮೊನೆಯ ಮುಂದೆ, ಬಲವಾಗಿ ಒತ್ತಿ. ಒಂಚೂರು ಬಗ್ಗಿದರೂ ಅದು ದೂರದ ಸವಾರಿಗೆ ಆಗದ ತೆಳು ಅಂಗಾಲು. ಎಕ್ಸ್‌ರೇಯಲ್ಲಿ ಅಂಗಾಲಿನ ದಪ್ಪ 15 ಮಿ.ಮೀ. ಆದರೂ ಇದ್ದರೆ ನೆಮ್ಮದಿ, 10ಕ್ಕಿಂತ ಕಡಿಮೆ ಇದ್ದರೆ ಬರಿಗಾಲಲ್ಲಿ ಗರಸಿಗೆ ಇಳಿಸಬೇಡಿ. ಅಂಗಾಲಲ್ಲಿ ಕೆಂಪು, ನೇರಳೆ ಮಚ್ಚೆ ಕಂಡರೆ ಜಜ್ಜಿದ ಗುರುತು. ಇವತ್ತು ಕಾಣುವ ಮಚ್ಚೆ ವಾರಗಳ ಹಿಂದಿನ ಪೆಟ್ಟಿನದು, ಒಳಗಿನಿಂದ ಬೆಳೆದು ಈಗ ಮೇಲೆ ಬಂದಿರುತ್ತದೆ.

ಸವೆತ ಅಳೆಯಲು ದರ್ಜಿಯ ಟೇಪು ಸಾಕು. ಕೂದಲು ಮುಗಿದು ಗೊರಸು ಶುರುವಾಗುವ ಅಂಚಿನಿಂದ ನೆಲದವರೆಗೆ, ಮುಂಭಾಗದ ನಟ್ಟನಡುವೆ, ಪ್ರತಿ ಭಾನುವಾರ ಅಳೆದು ಬರೆದಿಡಿ. ಒಂದು ವಾರದ ಅಂಕಿಯನ್ನು ನಂಬಬೇಡಿ. ನಾಲ್ಕು ವಾರ ಸತತ ಇಳಿಯುತ್ತಿದ್ದರೆ ಟಾರಿನ ಕಿ.ಮೀ. ಅರ್ಧ ಮಾಡಬೇಕು ಅಥವಾ ಗೊರಸಿಗೆ ತೊಡಿಸುವ ಬೂಟು ಹಾಕಬೇಕು. ಏರುತ್ತಿದ್ದರೆ ಕತ್ತರಿಸುವ ಹೊತ್ತು ಬಂದಿದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಅಂಚನ್ನು ಅರದಿಂದ ಗುಂಡಗೆ ಮಾಡಿದರೆ ಚಕ್ಕೆ ಏಳುವುದಿಲ್ಲ. ಅಂಗಾಲನ್ನು, ಫ್ರಾಗನ್ನು ‘ಚೊಕ್ಕ’ ಮಾಡಲು ಕೆರೆಯುವುದು ಬೇಡ. ಕೆರೆದು ತೆಗೆಯುವ ಆ ಒಂದೆರಡು ಮಿ.ಮೀ.ಯನ್ನೇ ನಂಬಿ ಕುದುರೆ ಗರಸಿನ ಮೇಲೆ ನಡೆಯುತ್ತಿರುತ್ತದೆ.

ಮುಳ್ಳು

ಬಳ್ಳಾರಿ ಜಾಲಿ ಹೆಸರಿಗೆ ಬಳ್ಳಾರಿಯದು, ಬೆಳೆದಿರುವುದು ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆಯ ಹಳ್ಳ, ಕೆರೆಯಂಗಳ, ರಸ್ತೆಬದಿಯ ಉದ್ದಕ್ಕೂ. ಒಣಗಿದ ಅದರ ಮುಳ್ಳು ಟ್ರ್ಯಾಕ್ಟರಿನ ಟ್ಯೂಬನ್ನೇ ಬಿಡುವುದಿಲ್ಲ. ಜೊತೆಗೆ ಕೊಯ್ಲಾದ ತೊಗರಿಯ ಕೂಳೆ, ಓರೆಯಾಗಿ ಕುಡುಗೋಲಿಗೆ ಸಿಕ್ಕ ಈಟಿಮೊನೆ. ಲಾಳ ಅಂಚನ್ನು ಕಾಯುತ್ತದೆ, ನಡುವಿನ ಅಂಗಾಲನ್ನು ಕಾಯುವುದಿಲ್ಲ. ಆದ್ದರಿಂದ ಮುಳ್ಳಿನ ವಿಷಯದಲ್ಲಿ ಲಾಳದ ಕುದುರೆಗೂ ಬರಿಗೊರಸಿಗೂ ಹೆಚ್ಚು ಭೇದವಿಲ್ಲ.

ಎಲ್ಲಿ ಚುಚ್ಚಿದೆ ಅನ್ನುವುದೇ ಇಲ್ಲಿ ಮುಖ್ಯ. ಹೊರ ಅಂಚಿನ ಹತ್ತಿರ ಮೇಲುಮೇಲೆ ಕೂತ ಮುಳ್ಳನ್ನು ಕಿತ್ತು, ತೊಳೆದು, ಅಯೋಡಿನ್ ಹಚ್ಚಿ ಎರಡು ದಿನ ಗಮನಿಸಿ. ಫ್ರಾಗ್‌ನಲ್ಲಿ ಅಥವಾ ಅದರ ಪಕ್ಕದ ಕಾಲುವೆಯಲ್ಲಿ ಆಳವಾಗಿ ನಾಟಿದ್ದರೆ, ಕಬ್ಬಿಣದ ಮೊಳೆಯಾದರಂತೂ, ಕೈಹಾಕುವ ಮೊದಲು ಪಶುವೈದ್ಯರಿಗೆ ಫೋನ್ ಮಾಡಿ. ಆ ಜಾಗದ ನೇರ ಮೇಲೆ ಗೊರಸಿನ ಸಣ್ಣ ಎಲುಬು, ಕೀಲು, ಸ್ನಾಯುರಜ್ಜು ಇವೆ. ಅಲ್ಲಿ ಸೋಂಕು ಹೊಕ್ಕರೆ ಕುದುರೆ ಉಳಿಯುವುದೇ ಕಷ್ಟ. ಮೊಳೆ ಒಳಗಿರುವಾಗಲೇ ಎಕ್ಸ್‌ರೇ ತೆಗೆದರೆ ಎಲ್ಲಿಯವರೆಗೆ ಹೋಗಿದೆ ಅಂತ ಗೊತ್ತಾಗುತ್ತದೆ. ಕಿತ್ತ ಮೇಲೆ ಅಂಗಾಲಿನ ತೂತು ಮುಚ್ಚಿಕೊಂಡು ಗುರುತೇ ಸಿಗದು. ಕುದುರೆ ತುಳಿದು ಇನ್ನಷ್ಟು ಒಳಹೊಗುವಂತಿದ್ದು, ಕೀಳದೆ ವಿಧಿಯಿಲ್ಲವೆಂದಾದರೆ ಮೊದಲು ಮೊಬೈಲಲ್ಲಿ ಎರಡು ಕೋನದ ಫೋಟೋ, ತೂತಿನ ಸುತ್ತ ಮಾರ್ಕರ್ ಪೆನ್ನಿನ ವೃತ್ತ, ಕಿತ್ತ ಮೊಳೆಯ ಮೇಲೆ ಒಳಹೋದ ಆಳದ ಗುರುತು. ಮೊಳೆಯನ್ನು ಎಸೆಯದೆ ಜೇಬಿಗೆ ಹಾಕಿಕೊಳ್ಳಿ.

ಗದ್ದೆಸೀಮೆಯ ಕೊಳೆ

ಗಂಗಾವತಿ, ಸಿಂಧನೂರು ಕಡೆ ಭತ್ತದ ಕಾಲದಲ್ಲಿ ಗೊರಸು ದಿನವಿಡೀ ಒದ್ದೆ. ಫ್ರಾಗ್‌ನ ನಡುಸೀಳಿನಲ್ಲಿ ಕರಿಮಸಿಯಂಥ ಕೊಳೆ, ಕೈತೊಳೆದರೂ ಹೋಗದ ನಾತ: ಇದು ಥ್ರಷ್. ಸೀಳಿನೊಳಕ್ಕೆ ಹತ್ತಿಕಡ್ಡಿ ಒಂದು ಸೆಂ.ಮೀ. ಇಳಿದು ಕುದುರೆ ಕಾಲೆಳೆದುಕೊಂಡರೆ ಆಳಕ್ಕೆ ಹೋಗಿದೆ. ನೋವಿಗೆ ಹಿಮ್ಮಡಿ ಊರದೆ ಮುಂತುದಿಯಲ್ಲಿ ನಡೆಯುತ್ತದೆ. ಬ್ರಷ್‌ನಿಂದ ತೊಳೆದು, ಒಣಗಿಸಿ, ತಿಳಿ ಮಾಡಿದ ಅಯೋಡಿನ್ನಿನಲ್ಲಿ ಅದ್ದಿದ ಹತ್ತಿಬತ್ತಿಯನ್ನು ಸೀಳಿನಲ್ಲಿಟ್ಟು ದಿನಾ ಬದಲಿಸಿ. ಗ್ಯಾರೇಜಿನ ಕರಿ ಆಯಿಲ್, ಸೀಮೆಎಣ್ಣೆ ಬೇಡ. ಮೈಲುತುತ್ತವನ್ನು ಹಸಿಗಾಯಕ್ಕೆ ತುಂಬಿದರೆ ಸುಡುತ್ತದೆ. ನಿಲ್ಲುವ ಜಾಗ ಒಣಗದಿದ್ದರೆ ಯಾವ ಔಷಧವೂ ದಂಡ.

ಗೊರಸುಬೇನೆ: ಲಾಳದ ಮಾತು ಇಲ್ಲಿ ನಿಲ್ಲಿಸಿ

ಎರಡೂ ಮುಂಗಾಲನ್ನು ಮುಂದೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ತೂಗಿ ನಿಂತಿದೆ. ತಿರುಗು ಅಂದರೆ ತಿರುಗುವುದಿಲ್ಲ. ಎರಡೂ ಕಾಲಲ್ಲಿ ನಾಡಿ ಬಡಿಯುತ್ತಿದೆ, ಗೊರಸು ಬಿಸಿ. ಇಂಥದ್ದು ಕಂಡರೆ ತುರ್ತು. ರಾತ್ರಿ ಹಗ್ಗ ಬಿಚ್ಚಿಕೊಂಡು ಜೋಳದ, ಮೆಕ್ಕೆಜೋಳದ ರಾಶಿಗೆ ಬಾಯಿ ಹಾಕಿದ ಕುದುರೆಗೆ ಒಂದೆರಡು ದಿನದಲ್ಲಿ ಹೀಗಾಗುವುದುಂಟು. ನಡೆಸಬೇಡಿ, ಕಾಳು ನಿಲ್ಲಿಸಿ, ದಪ್ಪ ಮರಳಿನ ಮೇಲೆ ನಿಲ್ಲಿಸಿ, ಗೊರಸನ್ನು ಐಸು ನೀರಲ್ಲಿಡಿ, ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಅಥವಾ ಪರಿಚಯದ ಪಶುವೈದ್ಯರಿಗೆ ಕರೆ ಮಾಡಿ. ‘ನಡೆಸಿದರೆ ಬಿಡುತ್ತದೆ’ ಅನ್ನುವವರ ಮಾತು ಕೇಳಿದರೆ ಗೊರಸಿನೊಳಗಿನ ಎಲುಬು ಗೋಡೆಯಿಂದ ಬಿಟ್ಟುಕೊಂಡು ಕೆಳಗಿಳಿಯುತ್ತದೆ.

ಇದನ್ನೇ ಹೋಲುವ ಇನ್ನೊಂದು: ಹಿಂಭಾಗದ ಮಾಂಸಖಂಡ ಹಲಗೆಯಂತೆ ಬಿಗಿದು, ಬೆವರು ಸುರಿದು, ಕಾಫಿ ಬಣ್ಣದ ಮೂತ್ರ. ಅದು ಸ್ನಾಯುಗಳ ಕಾಯಿಲೆ, ಗೊರಸಿಗೆ ಸಂಬಂಧವಿಲ್ಲ. ಅಲ್ಲೂ ನಡೆಸಬಾರದು.

ಹಾಗಾದರೆ ಯಾವುದು?

ಕುದುರೆ, ನೆಲ, ದಿನದ ಟಾರು ಕಿ.ಮೀ. ಈ ಮೂರನ್ನು ಕೂಡಿಸಿಯೇ ನಿರ್ಧಾರ. ಅಂಗಾಲು ದಪ್ಪ, ನೆಲ ಮಸಾರಿ ಮತ್ತು ಏರಿಯ ಮಣ್ಣು, ವಾರದಲ್ಲಿ ಎರಡು ಮೂರು ಸಲ 15 ಕಿ.ಮೀ.: ಬರಿಗೊರಸು ಸಾಕು. ದಿನಾ 30 ಕಿ.ಮೀ., ಅದರಲ್ಲಿ ಮೂರನೇ ಒಂದು ಪಾಲು ಟಾರು ಅಥವಾ ಜಲ್ಲಿ: ಸವೆತ ಗೆಲ್ಲುತ್ತದೆ, ಲಾಳ ಅಥವಾ ಬೂಟು ಬೇಕು. ಮುಂಗಾಲಿಗೆ ಮಾತ್ರ ಲಾಳ, ಹಿಂಗಾಲು ಬರಿ ಅನ್ನುವುದು ನಮ್ಮ ನೆಲಕ್ಕೆ ಒಳ್ಳೆಯ ನಡುದಾರಿ. ಭಾರದ ಹೆಚ್ಚಿನ ಪಾಲು ಮುಂದೆಯೇ ಬೀಳುತ್ತದೆ, ಹಿಂಗಾಲು ಬಂಡೆಯ ಮೇಲೆ ಹಿಡಿಯುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ನಡೆದು ಬಂದ ಟೆವಿಸ್ ಕಪ್‌ನಲ್ಲಿ ಒಂದೇ ದಿನಕ್ಕೆ ಸುಮಾರು 160 ಕಿ.ಮೀ. ಬೆಟ್ಟದ ದಾರಿ. ಅದನ್ನು ಲಾಳದ ಕುದುರೆಗಳೂ ಮುಗಿಸಿವೆ, ಬೂಟಿನ ಕುದುರೆಗಳೂ ಮುಗಿಸಿವೆ. ಬೂಟಿನ ತೊಂದರೆ ಅಳತೆಯದು. ಗೊರಸು ಕತ್ತರಿಸಿದ ದಿನವೇ ಉದ್ದ ಅಗಲ ಮಿ.ಮೀ.ನಲ್ಲಿ ಅಳೆದು ತರಿಸಬೇಕು. ನಾಲ್ಕು ವಾರದ ಗೊರಸನ್ನು ಅಳೆದು ತರಿಸಿದ ಬೂಟು ಮುಂದೆ ಸಡಿಲವಾಗಿ ತಿರುಗುತ್ತದೆ, ಹಿಮ್ಮಡಿಯ ಚರ್ಮ ಉಜ್ಜುತ್ತದೆ. ಹಳ್ಳ ದಾಟಿದ ಮೇಲೆ ಬಿಚ್ಚಿ ಮರಳು ಝಾಡಿಸದಿದ್ದರೆ ಒಳಗೆ ಉಪ್ಪುಕಾಗದ ಇಟ್ಟ ಹಾಗೆ.

ಲಾಳ ಬಿಡಿಸಿ ಬರಿಗೊರಸಿಗೆ ತರುವುದಾದರೆ ಅವಸರ ಬೇಡ. ಗೊರಸಿನ ಗೋಡೆ ಮೇಲಿನಿಂದ ಕೆಳಗೆ ಪೂರ್ತಿ ಹೊಸದಾಗಿ ಬರಲು 9ರಿಂದ 12 ತಿಂಗಳು. ಮೊದಲೆರಡು ವಾರ ಮೆತ್ತನೆ ಜಾಗದಲ್ಲಿ ಬಿಡಿ. ಆಮೇಲೆ ದಿನಕ್ಕೆ 10-15 ನಿಮಿಷ ಏರಿಯ ಮೇಲೆ ಕೈಹಿಡಿದು ನಡೆಸಿ, ವಾರಕ್ಕೆ ಐದು ನಿಮಿಷ ಏರಿಸಿ. ಎರಡು ತಿಂಗಳ ಮೇಲೆ ಮೆತ್ತನೆ ನೆಲದಲ್ಲಿ ಹತ್ತಿ. ಗರಸು ಮೂರು ನಾಲ್ಕು ತಿಂಗಳ ಆಚೆ. ನೀರು ಕುಡಿಯುವ ತೊಟ್ಟಿಯ ಮುಂದೆ ಒಂದು ಗೇಣು ಆಳ ಉರುಟು ಸಣ್ಣ ಕಲ್ಲು ಹರಡಿದರೆ ದಿನಾ ನಾಲ್ಕು ಸಲ ತಾನಾಗಿಯೇ ಅಭ್ಯಾಸವಾಗುತ್ತದೆ. ಕ್ರಷರಿನ ಮೂಲೆಮೂಲೆ ಜಲ್ಲಿ ಹಾಕಬೇಡಿ. ಬೇಸಿಗೆಯ ಮಧ್ಯಾಹ್ನದ ಟಾರಿನ ಮೇಲೆ ನಿಮ್ಮ ಅಂಗೈ ಐದು ಸೆಕೆಂಡು ಇಡಲಾಗದಿದ್ದರೆ ಕುದುರೆಯನ್ನೂ ಇಳಿಸಬೇಡಿ.

ಮೇವಿನ ಮಾತು ಒಂದೇ. ಬರೀ ತೌಡು, ಬೂಸಾ ಮೇಲೆ ಸಾಕಿದ ಕುದುರೆಯಲ್ಲಿ ರಂಜಕ ಹೆಚ್ಚಿ ಕ್ಯಾಲ್ಸಿಯಂ ಕೊರತೆಯಾಗುತ್ತದೆ, ಎಲುಬು ಸೊರಗಿ ಇವತ್ತು ಒಂದು ಕಾಲು ನಾಳೆ ಇನ್ನೊಂದು ಕಾಲು ಕುಂಟುತ್ತದೆ. ಗೊರಸು ಪುಡಿಯಾಗುವ ಕುದುರೆಗೆ ದಿನಕ್ಕೆ 15-20 ಮಿ.ಗ್ರಾಂ. ಬಯೋಟಿನ್ ಕೊಡುವುದುಂಟು. ಫಲ ಕಾಣುವುದು ಹೊಸದಾಗಿ ಬೆಳೆದ ಗೊರಸಿನಲ್ಲಿ, ಆರು ತಿಂಗಳ ಮೇಲೆ.

ಜೀನಿನ ಚೀಲದಲ್ಲಿ

ಕೊಕ್ಕೆ, ಹಳೆ ಅರದ ತುಂಡು, ಸಣ್ಣ ಇಕ್ಕಳ, ಸುತ್ತಿಗೆ, ಡಕ್ಟ್ ಟೇಪು ಒಂದು ಸುರುಳಿ, ಹತ್ತಿ, 100 ಮಿ.ಲೀ. ಪೋವಿಡೋನ್ ಅಯೋಡಿನ್, ಮಾರ್ಕರ್ ಪೆನ್ನು, ದರ್ಜಿಯ ಟೇಪು, ಮುಂಗಾಲಿನ ಅಳತೆಯ ಒಂದು ಬೂಟು. ಎಲ್ಲ ಸೇರಿ ಎರಡು ಕೆ.ಜಿ.ಯ ಆಸುಪಾಸು. ನೋವಿನ ಪುಡಿ, ಇಂಜೆಕ್ಷನ್ನು ಇದರಲ್ಲಿ ಬೇಕೆಂದೇ ಇಲ್ಲ. ನೋವು ಮರೆತ ಕುದುರೆ ಜಜ್ಜಿದ ಅಂಗಾಲಲ್ಲೇ ಉಳಿದ ಹತ್ತು ಕಿ.ಮೀ. ನಡೆದುಬಿಡುತ್ತದೆ, ಮನೆ ತಲುಪಿದ ಮೇಲೆ ಯಾವ ಕಾಲು, ಯಾವ ಜಾಗ ಅಂತ ಪಶುವೈದ್ಯರಿಗೂ ತೋರಿಸುವುದಿಲ್ಲ.